ರೋಸಿ ತೆವಳಿದ ಮಧ್ಯಾಹ್ನ

ಇಂಥದ್ದನ್ನು ಬೇರೆ ಯಾರಾದರೂ ಹೇಳಿದ್ದರೆ ನಾನು ತಲೆಯಾಡಿಸಿ, ಚಹಾ ಕೊಟ್ಟು ಕಳುಹಿಸುತ್ತಿದ್ದೆ. ಕತ್ತಲಿಗೆ ಹೆದರಿದರೆ ದೀಪ ಹಾಕಿ ನೋಡು ಎಂದು ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ಕಲಿಸಿದ್ದನ್ನೇ ನಂಬಿಕೊಂಡು ಬಂದವಳು ನಾನು. ಹಾಗಾಗಿ ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತೇನೆ.

ಮೂಡುಬಿದಿರೆಯ ನಮ್ಮ ಮನೆಯಲ್ಲಿ ರೋಸಿ ಎಂಬ ಜರ್ಮನ್ ಶೆಫರ್ಡ್ ಇದ್ದಾಳೆ. ಅವಳು ಮರಿ ಹಾಕಿದ್ದು ಒಮ್ಮೆ ಮಾತ್ರ. ಪರಿಚಯದವರು ಬಂದು ಒಂದೊಂದೇ ಮರಿಯನ್ನು ಕೊಂಡೊಯ್ಯುವಾಗ ಗೇಟಿನವರೆಗೆ ಹೋಗಿ, ಮೂಸಿ, ತಿರುಗಿ ಬಂದು ಮಲಗುತ್ತಿದ್ದಳು. ಕೊನೆಯ ಗಂಡುಮರಿಯನ್ನು ವೇಣೂರಿನ ನನ್ನ ನಾದಿನಿ ವಿನೋದಾ ಕೇಳಿದ್ದಳು. ಒಂದು ಮಧ್ಯಾಹ್ನ ನಮ್ಮಲ್ಲೇ ಊಟ ಮಾಡಿ, ಮರಿಯನ್ನು ಬುಟ್ಟಿಯಲ್ಲಿಟ್ಟು ಮೈ ಒರೆಸುವ ಹಳೆಯ ಬೈರಾಸು ಹೊದಿಸಿ, ಬಸ್ಸಿಗೆಂದು ಹೊರಟಳು.

ಜಗಲಿಯಲ್ಲಿ ಮಲಗಿದ್ದ ರೋಸಿ ಏಳಲು ನೋಡಿದಳು. ಎದ್ದದ್ದು ಮುಂಗಾಲು ಮಾತ್ರ. ಹಿಂಗಾಲುಗಳೆರಡೂ ಒದ್ದೆ ಬಟ್ಟೆಯ ಹಾಗೆ ಹಿಂದೆ ಬಿದ್ದಿದ್ದವು. ಹಾಗೆಯೇ ಸಿಮೆಂಟಿನ ಅಂಗಳದಲ್ಲಿ ತೆವಳಿಕೊಂಡು ಬಂದಳು. ಪಾದಗಳು ಮಗುಚಿ, ಉಗುರು ನೆಲಕ್ಕೆ ಉಜ್ಜಿ ಕರಕರ ಎನ್ನುತ್ತಿತ್ತು.

“ಅಯ್ಯೋ, ಇವಳಿಗೆ ಎಂತ ಆಯ್ತು ಅತ್ತಿಗೆ?” ವಿನೋದಾ ಬುಟ್ಟಿ ಕೆಳಗಿಟ್ಟಳು.

“ನಾಟಕ ಮಾರಾಯ್ತಿ,” ನಮ್ಮವರು ತಂಗಿಗೆ ಹೇಳಿದರು. “ನಿನ್ನ ಅತ್ತಿಗೆ ಜೊತೆ ಕೂತು ಧಾರಾವಾಹಿ ನೋಡಿ ಕಲಿತದ್ದು. ನೀನು ಹೋಗು, ಬಸ್ಸು ತಪ್ಪುತ್ತದೆ.”

ಎಲ್ಲರೂ ನಕ್ಕೆವು. ಮರಿ ಹೋಯಿತು. ರೋಸಿಯ ಉಗುರುಗಳ ಮುಂಭಾಗ ಸವೆದು ರಕ್ತ ಜಿನುಗಿತ್ತು. ಅರಸಿನ ಹಚ್ಚುವಾಗ ನನ್ನ ನಗು ನಿಂತಿತು. ಸಂಜೆ ಅವಳು ತಾನಾಗಿ ಎದ್ದು ನೆಟ್ಟಗೆ ನಡೆದಳು. ಮರುದಿನ ಡಾಕ್ಟರು ಬೆನ್ನು, ಕಾಲು ಒತ್ತಿ ನೋಡಿ ಏನೂ ಇಲ್ಲವೆಂದರು. ಇವತ್ತಿನವರೆಗೂ ಅವಳು ಮತ್ತೆ ಹಾಗೆ ತೆವಳಿಲ್ಲ.

ಮರಿ ಬ್ರೂನೋ ಎಂಬ ಹೆಸರಿನಲ್ಲಿ ವೇಣೂರಿನಲ್ಲಿ ಬೆಳೆದ. ಎಂಟು ವರ್ಷ ತುಂಬಿದ ಮೇಲೆ ಅವನ ಹಿಂಗಾಲು ಸೋಲತೊಡಗಿತು. ನೋಡಲು ಹೋದ ನಾನು ಅಂಗಳದಲ್ಲೇ ನಿಂತುಬಿಟ್ಟೆ. ಅದೇ ಮಗುಚಿದ ಪಾದ, ಅದೇ ಕರಕರ ಶಬ್ದ.

ಬೆನ್ನುಹುರಿಯ ನರಗಳು ನಿಧಾನವಾಗಿ ಸಾಯುವ ರೋಗವಿರಬಹುದು ಎಂದರು ಡಾಕ್ಟರು. ದೋಷದ ಜೀನ್ ತಾಯಿ, ತಂದೆ ಇಬ್ಬರಿಂದಲೂ ಬಂದ ನಾಯಿಗಳಿಗೆ ಬರುವಂಥದ್ದು, ಮದ್ದಿಲ್ಲ, ಪರೀಕ್ಷೆಯೊಂದನ್ನು ಮಾಡಿಸಬಹುದು. ರೋಸಿಯದ್ದೂ ಮಾಡಿಸಿ ಎಂದೆ. ಅವತ್ತು ಮಧ್ಯಾಹ್ನ ಕಂಡದ್ದು ಈ ರೋಗದ ಮೊದಲ ಸೂಚನೆಯೇ ಇರಬೇಕು, ಇನ್ನು ಅವಳ ಸರದಿ ಎಂದು ಹೆದರಿದ್ದೆ. ಇಷ್ಟು ವರ್ಷಗಳ ಮೇಲಾದರೂ ಕಾರಣ ಸಿಗುತ್ತದಲ್ಲ ಎಂಬ ಸಮಾಧಾನವೂ ಇತ್ತು. ಇಬ್ಬರ ಕೆನ್ನೆಯ ಒಳಗೂ ಹತ್ತಿಯ ಕಡ್ಡಿ ಉಜ್ಜಿ ಲ್ಯಾಬಿಗೆ ಕಳುಹಿಸಿದರು.

ಬ್ರೂನೋನಿಗೆ ಎರಡೂ ಕಡೆಯಿಂದ ಬಂದಿತ್ತು. ರೋಸಿಯಲ್ಲಿದ್ದದ್ದು ಒಂದೇ ಕಡೆಯದು.

“ಇವಳು ಮಗನಿಗೆ ದಾಟಿಸಿದ್ದು ಮಾತ್ರ. ಇವಳ ಕಾಲಿಗೆ ಏನೂ ಆಗ್ಲಿಕ್ಕಿಲ್ಲ, ಹೆದರಬೇಡಿ,” ಎಂದರು ಡಾಕ್ಟರು.

“ಹಾಗಾದರೆ ಅವತ್ತು ತೆವಳಿದ್ದು ಎಂತಕ್ಕೆ ಡಾಕ್ಟ್ರೇ?”

“ಉಳುಕಿರಬಹುದು ಅಮ್ಮ.”

ಇರಬಹುದು. ಆದರೆ ಉಳುಕಿದ ಕಾಲನ್ನು ನಾಯಿ ಎತ್ತಿಕೊಂಡು ಕುಂಟುತ್ತದೆ, ಎರಡನ್ನೂ ಹಾಗೆ ನೆಲಕ್ಕೆ ಬಿಡುವುದಿಲ್ಲ.

“ಅತ್ತಿಗೆ, ಇವನಿಗೆ ಹೀಗಾಗ್ತದೆ ಅಂತ ಅವಳು ಅವತ್ತು ನಮಗೆ ತೋರಿಸಿದ್ದಾ?” ವಿನೋದಾ ಫೋನಿನಲ್ಲಿ ಕೇಳಿದಳು.

“ಸುಮ್ಮನಿರು. ನಾಯಿಗೆ ಅದೆಲ್ಲ ಎಂತ ಗೊತ್ತಾಗ್ತದೆ?” ಎಂದೆ.

ಈಚೆಗೆ ಬ್ರೂನೋ ಮುಂಗಾಲಿನ ಮೇಲೂ ಏಳದಾದ. ಇಂಜೆಕ್ಷನ್ ಕೊಟ್ಟು ಶಾಶ್ವತವಾಗಿ ಮಲಗಿಸುವುದೆಂದು ತೀರ್ಮಾನವಾಯಿತು. ನಮ್ಮವರು ಕಾರು ತೆಗೆದು, “ರೋಸಿಯನ್ನೂ ಕರ್ಕೊಂಡು ಹೋಗುವ, ಮಗನ ಮುಖ ಒಮ್ಮೆ ನೋಡ್ಲಿ,” ಎಂದರು. ಅವಳಾಗಲೇ ಬಾಗಿಲ ಹತ್ತಿರ ನಿಂತಿದ್ದಳು.

“ಬೇಡ, ಅವಳಿಗೆ ಕಾರಲ್ಲಿ ವಾಂತಿ ಆಗ್ತದೆ,” ಎಂದೆ. ಅವಳಿಗೆ ಯಾವತ್ತೂ ವಾಂತಿಯಾದದ್ದಿಲ್ಲ. ಅವನೆದುರು ಇಳಿಸಿದರೆ ಅವಳು ಹೇಗೆ ನಡೆದಾಳೋ, ಅದನ್ನು ನೋಡುವ ಧೈರ್ಯ ನನಗಿರಲಿಲ್ಲ. ಈಗ ತಿಳಿಯುವ ದಾರಿಯೂ ಇಲ್ಲ.

ವೇಣೂರಿನಲ್ಲಿ ಬ್ರೂನೋ ನನ್ನ ಸೀರೆಯ ಅಂಚನ್ನು ಬಹಳ ಹೊತ್ತು ಮೂಸಿದ. ಆಮೇಲೆ ತಲೆ ಎತ್ತಿ, ನನ್ನ ಹಿಂದೆ ನೋಡಿದ.