ನೆನೆಯದ ಬಾರು

ಎರಡು ಗಂಟು ಸಾಕೇ? ಮೂರನೆಯದೂ ಬೇಕೇ? ಆಲ್ಬನ್ ಫರ್ನ್ ಚರ್ಮದ ಬಾರನ್ನು ಎಳೆದು ನೋಡುತ್ತಾರೆ, ಬಿಚ್ಚುತ್ತಾರೆ, ಮತ್ತೆ ಕಟ್ಟುತ್ತಾರೆ. ಮೇ ಇಪ್ಪತ್ತೊಂಬತ್ತು, ಬೆಳಗಿನ ಐದು ಗಂಟೆ. ಥಾರ್ನ್‌ಲೋ ಊರಿನ ಪಬ್ಬಿನ ಹಿಂದಿನ ಕೊಟ್ಟಿಗೆಯಲ್ಲಿ ಅವರೆದುರು ಗಂಟೆಯಾಕಾರದ ಮರದ ಚೌಕಟ್ಟು ನಿಂತಿದೆ. ಸಂಜೆಯೊಳಗೆ ಅದು ಹೂಗೂಡಾಗಬೇಕು.

ಓಕ್ ಮರದಲ್ಲಿ ಅಡಗಿ ಜೀವ ಉಳಿಸಿಕೊಂಡ ದೊರೆ ದೇಶಕ್ಕೆ ಮರಳಿದ ದಿನವಿದು. ಎಲ್ಲರೂ ಓಕ್ ಎಲೆ ಸಿಕ್ಕಿಸಿಕೊಳ್ಳುತ್ತಾರೆ. ಮರೆತವರ ಕಾಲಿಗೆ ತುರಿಕೆ ಗಿಡದ ಏಟು. ಸಂಜೆ ಊರಿನ 'ರಾಜ' ತಲೆಯಿಂದ ಸೊಂಟದವರೆಗೆ ಈ ಹೂಗೂಡಿನಲ್ಲಿ ಮುಳುಗಿ, ಕಣ್ಣು ಕಾಣದೆ, ಕುದುರೆಯ ಮೇಲೆ ಪಬ್ಬಿನಿಂದ ಪಬ್ಬಿಗೆ ಸಾಗುತ್ತಾನೆ. ಚಪ್ಪಾಳೆ ಅವನಿಗೆ. ನೂರಿಪ್ಪತ್ತು ಗೊಂಚಲು ಕಟ್ಟಿ, ಇಪ್ಪತ್ತೈದು ಕಿಲೋ ಭಾರವನ್ನು ಅವನ ಹೆಗಲ ಮೇಲೆ ಅಲುಗದಂತೆ ಕೂರಿಸುವವರು ಆಲ್ಬನ್. ವರ್ಷವಿಡೀ ಹೊಲಗಳ ಕಲ್ಲುಗೋಡೆ ಕಟ್ಟುವ ಈ ಎಪ್ಪತ್ತಮೂರರ ಮನುಷ್ಯನಿಗೆ ಇದು ಮೂವತ್ತೊಂದನೆಯ ಹೂಗೂಡು.

"ಹೂವೇನು, ಯಾರು ಬೇಕಾದ್ರೂ ಕಟ್ತಾರೆ. ಗೂಡನ್ನ ಹೆಗಲ ಮೇಲೆ ಹಿಡಿಯೋ ಬಾರು ಮುಖ್ಯ. ಹಿಂದಿನ ದಿನಾನೇ ನೆನೆಹಾಕ್ಬೇಕು. ಒದ್ದೆ ಬಾರು ಒಣಗ್ತಾ ಬಿಗಿಯುತ್ತೆ. ಒಣಗಿದ್ದನ್ನೇ ಕಟ್ಟಿದ್ರೆ ಜಾರುತ್ತೆ," ಎನ್ನುತ್ತಾರೆ ಅವರು, ಪತ್ರಿಕೆಗೆ ಬರೆಯಲು ಬಂದ ನನಗೆ.

ಗೆಳೆಯ ಈನಕ್ ಹ್ಯಾಲಮ್ ಲೈಲಾಕ್ ಹೂವಿನ ಬುಟ್ಟಿ ಹೊತ್ತು ಬರುತ್ತಾರೆ.

"ಲೋ ಆಲ್ಬನ್, ಇನ್ನೂ ಬಾರಲ್ಲೇ ಇದೀಯೇನೋ? ಮದುವೆ ಹೆಣ್ಣಿಗೂ ಇಷ್ಟು ಸಿಂಗಾರ ಇಲ್ಲ!"

"ನಿನ್ನ ಎಲೆ ಎಲ್ಲೋ? ತುರಿಕೆ ಗಿಡ ತರ್ಲಾ?"

ಈನಕ್ ಟೋಪಿ ತಿರುಗಿಸಿ ಎಲೆ ತೋರಿಸುತ್ತಾರೆ. "ಗಟ್ಟಿಯಾಗಿ ಕಟ್ಟಪ್ಪಾ. ಈ ಸಲದ ರಾಜ ನನ್ನ ಹಾಗೆ ಕುಡುಕ ಅಲ್ಲ. ಬಿದ್ರೆ, ಪಾಪ, ಹೇಳೋಕೆ ನೆಪಾನೂ ಇಲ್ಲ."

ಬುಟ್ಟಿ ಇಳಿಸಿ ಈನಕ್ ಹೊರಡುತ್ತಾರೆ. ಗೆಳೆಯನ ಹೆಜ್ಜೆ ಸಪ್ಪಳ ಅಡಗುವವರೆಗೂ ಆಲ್ಬನ್ ಬಾರನ್ನು ಮುಟ್ಟುವುದಿಲ್ಲ.

ಹದಿನೆಂಟು ವರ್ಷದ ಹಿಂದೆ ಈನಕ್ ರಾಜನಾಗಿದ್ದರು. ಕೊನೆಯ ಪಬ್ಬಿನ ಬಾಗಿಲಲ್ಲಿ ಹೂಗೂಡು ವಾಲಿತು, ಅದರೊಂದಿಗೆ ಅವರೂ ಉರುಳಿದರು. ಕೊರಳೆಲುಬು ಮುರಿಯಿತು. 'ಆರು ಪಬ್ ಸುತ್ತಿದವನು ಬೀಳದೆ ಇರ್ತಾನಾ' ಎಂದಿತು ಊರು. ಮತ್ತೆಂದೂ ಅವರನ್ನು ಕುದುರೆ ಹತ್ತಿಸಲಿಲ್ಲ.

"ಅವನು ಅವತ್ತು ಕುಡಿದಿದ್ದು ಅರ್ಧ ಲೋಟ," ಎನ್ನುತ್ತಾರೆ ಆಲ್ಬನ್. "ಜನ ಹೇಳಿ ಹೇಳಿ, ಕುಡಿದಿದ್ದೆ ಅಂತ ಈಗ ಅವನೇ ನಂಬ್ಕೊಂಡಿದಾನೆ. ಹಿಂದಿನ ದಿನ ನಾನು ಒಂದು ಗೋಡೆ ಮುಗಿಸೋ ಆತುರದಲ್ಲಿದ್ದೆ..."

ಈನಕ್ ನಮ್ಮ ಪತ್ರಿಕೆ ಓದುತ್ತಾರೆಯೇ ಎಂದು ಕೇಳುತ್ತೇನೆ.

"ಕೊನೆ ಪುಟದಿಂದ ಶುರು ಮಾಡ್ತಾನೆ. ಬರ್ಕೊಳ್ಳಿ ನೀವು. ಅವನೆದುರು ನಂಗೆ ಬಾಯಿ ಬರಲ್ಲ."

ಅವರು ಮೂರನೆಯ ಗಂಟು ಬಿಗಿಯುತ್ತಾರೆ. ಆ ವರ್ಷ ಬಾರು ನೆನೆಹಾಕಲು ತಾನೇ ಮರೆತಿದ್ದೆ ಎಂದು ಆಲ್ಬನ್ ಈನಕ್‌ಗೆ ಒಮ್ಮೆಯೂ ಹೇಳಿಲ್ಲ.