ನೋಟ್‌ಬುಕ್ಕಿನಲ್ಲಿ ಹೊಡೆದ ಬಸ್ಕಿ

ನಾನು ಟೀಚರಾಗಿದ್ದ ಶಾಲೆಯಿಂದ ಸ್ವಯಂನಿವೃತ್ತಿ ಪಡೆದ ಮರುವರ್ಷವೇ ನನ್ನ ಮೊಣಕಾಲುಗಳೂ ನಿವೃತ್ತಿಯ ಮಾತೆತ್ತಿದವು. ಬಸವೇಶ್ವರನಗರದಲ್ಲಿ ನಮ್ಮ ಮನೆಗೆ ಎರಡು ರಸ್ತೆ ಆಚೆ, ಔಷಧದಂಗಡಿಯ ಮೇಲಿನ ಮಹಡಿಯಲ್ಲಿ ಒಂದು ಜಿಮ್ ಇದೆ. ಅಲ್ಲಿನ ತರಬೇತುದಾರ ಇಪ್ಪತ್ತು ವರ್ಷಗಳ ಹಿಂದೆ ನನ್ನ ಎಂಟನೆಯ ತರಗತಿಯ ಕೊನೆಯ ಬೆಂಚಿನಲ್ಲಿ ಕುಳಿತಿದ್ದವನು. ಹೋಂವರ್ಕ್ ತರದ ತಪ್ಪಿಗೆ ನಾನು ಅವನಿಂದ ಹೊಡೆಸಿದ ಬಸ್ಕಿಗಳಿಗೆ ಲೆಕ್ಕವಿಲ್ಲ. ಅವನ ಇಂದಿನ ದೇಹದಾರ್ಢ್ಯದಲ್ಲಿ ನನ್ನ ಕೊಡುಗೆಯೂ ಇದೆಯೆಂದು ನಾನು ಹೇಳಿಕೊಳ್ಳುವುದುಂಟು; ಅವನು ಅಲ್ಲಗಳೆದಿಲ್ಲ.

ಒಮ್ಮೆ ಪರೀಕ್ಷೆ ಮುಗಿಸಿದರೆ ಇಂಥವರ ಓದು ಮುಗಿಯಿತೆಂದು ನಾನು ತಿಳಿದಿದ್ದೆ. ಹಾಗಲ್ಲವಂತೆ. ಕೆಲವು ವರ್ಷಗಳಿಗೊಮ್ಮೆ ಅವರು ಪ್ರಮಾಣಪತ್ರವನ್ನು ನವೀಕರಿಸಬೇಕು. ಅದಕ್ಕಾಗಿ ಕಾರ್ಯಾಗಾರಗಳಿಗೆ ಹೋಗಬೇಕು, ಆನ್‌ಲೈನ್ ಪಾಠ ಕೇಳಿ ಪ್ರಶ್ನೆಗಳಿಗೆ ಉತ್ತರಿಸಬೇಕು, ಹೀಗೆ ಕ್ರೆಡಿಟ್‌ಗಳನ್ನು ಕೂಡಿಸಬೇಕು. ಅವನಿಗೆ ಕೊನೆಯದೊಂದು ಉಳಿದಿತ್ತು: ಒಬ್ಬರಿಗೆ ಹನ್ನೆರಡು ವಾರ ತರಬೇತಿ ಕೊಟ್ಟು, ಅದರ ಫಲವನ್ನು ವರದಿಯಾಗಿ ಬರೆಯುವುದು. ಆ ಒಬ್ಬರಾಗಲು ಅವನು ನನ್ನನ್ನು ಆರಿಸಿಕೊಂಡ. ಕಾರಣ ಕೇಳಿದ್ದಕ್ಕೆ, ನನ್ನಷ್ಟು ಶಿಸ್ತಿನವರು ಈ ಏರಿಯಾದಲ್ಲೇ ಇಲ್ಲವೆಂದ. ನಾನು ಆ ಮಾತನ್ನು ತಿದ್ದಲಿಲ್ಲ.

ಶನಿವಾರ ಅವನೆದುರು ವ್ಯಾಯಾಮ. ವಾರದಲ್ಲಿ ಇನ್ನೂ ನಾಲ್ಕು ದಿನ ಮನೆಯಲ್ಲಿ ನಾನೇ ಮಾಡಿ ಬರೆದಿಡಬೇಕು. ನಾನು ಉದ್ದನೆಯ ನೋಟ್‌ಬುಕ್ಕೊಂದನ್ನು ತಂದು, ಕೆಂಪು ಶಾಯಿಯಲ್ಲಿ ಗೆರೆ ಎಳೆದು, ದಿನ, ವ್ಯಾಯಾಮ, ಸಂಖ್ಯೆ, ಷರಾ ಎಂದು ಕಾಲಂ ಮಾಡಿದೆ. ಅದನ್ನು ಅವನು ಜಿಮ್ಮಿನ ಉಳಿದವರಿಗೂ ತೋರಿಸಿದ.

ಇಲ್ಲಿ ನಮ್ಮ ವೃತ್ತಿಯ ಒಂದು ರೂಢಿಯನ್ನು ಹೇಳಬೇಕು. ಶಿಕ್ಷಕರು ಮುಂದಿನ ವಾರದ ಪಾಠಟಿಪ್ಪಣಿಯನ್ನು ಭಾನುವಾರವೇ ಬರೆದು, ಸೋಮವಾರ ಮುಖ್ಯೋಪಾಧ್ಯಾಯರ ಸಹಿಗೆ ಇಡುತ್ತಾರೆ. ಇಪ್ಪತ್ತೈದು ವರ್ಷ ಹಾಗೆ ಬರೆದ ಕೈ ಬೇರೆ ರೀತಿ ಬರೆಯಲು ಒಪ್ಪಲಿಲ್ಲ. ಭಾನುವಾರ ಕಾಫಿಯಾದ ಮೇಲೆ ಇಡೀ ವಾರದ ವ್ಯಾಯಾಮವನ್ನು ಬರೆದು, ಅಂದವಾಗಿ ಟಿಕ್ ಹಾಕಿಬಿಡುತ್ತಿದ್ದೆ. ಸೋಮವಾರ ನಂದಿನಿ ಲೇಔಟಿನ ಅಕ್ಕ ಬರುತ್ತಿದ್ದಳು, ಮಂಗಳವಾರ ಕರೆಂಟ್ ಹೋಗುತ್ತಿತ್ತು, ಗುರುವಾರ ಬಸಳೆ ಸೊಪ್ಪು ಬಿಡಿಸುವುದಿರುತ್ತಿತ್ತು. ಪುಟದಲ್ಲಿ ಮಾತ್ರ ನನ್ನ ಬಸ್ಕಿಗಳು ಒಂದೂ ತಪ್ಪಲಿಲ್ಲ.

ನಾಲ್ಕು ವಾರಕ್ಕೊಮ್ಮೆ ಅವನು ಗಡಿಯಾರ ಹಿಡಿದು ನಿಲ್ಲುತ್ತಿದ್ದ: ಕೈ ಊರದೆ ಅರ್ಧ ನಿಮಿಷದಲ್ಲಿ ಕುರ್ಚಿಯಿಂದ ಎಷ್ಟು ಸಲ ಏಳುತ್ತೇನೆ? ಮೊದಲ ದಿನ ಒಂಬತ್ತು. ನಾಲ್ಕನೆಯ ವಾರ ಒಂಬತ್ತು, ಎಂಟನೆಯ ವಾರ ಒಂಬತ್ತು, ಹನ್ನೆರಡನೆಯ ವಾರವೂ ಒಂಬತ್ತು. ಅವನು ನೋಟ್‌ಬುಕ್ ತಿರುವಿ, ತಲೆ ಕೆರೆದುಕೊಂಡು, ಮತ್ತೆ ತಿರುವುತ್ತಿದ್ದ.

ಕೊನೆಯ ಶನಿವಾರ ವರದಿಯನ್ನು ನನ್ನ ಕೈಗಿಟ್ಟು, ಇಂಗ್ಲಿಷ್ ತಿದ್ದಿಕೊಡಬೇಕೆಂದು ಕೇಳಿದ. ಸೋಮವಾರದೊಳಗೆ ಅದು ಹೋಗಬೇಕಿತ್ತು. ಹೋಗದಿದ್ದರೆ ಪ್ರಮಾಣಪತ್ರ ರದ್ದು. ಅದಿಲ್ಲದಿದ್ದರೆ ಬಿನ್ನಿಪೇಟೆಯ ಕಾಲೇಜಿನ ಕಬಡ್ಡಿ ತಂಡದ ಹುಡುಗಿಯರಿಗೆ ಅವನು ತರಬೇತಿ ಕೊಡುವಂತಿಲ್ಲ. ನಾನು ಕೆಂಪು ಪೆನ್ನು ತೆರೆದೆ. ಮೊದಲ ಪುಟದಲ್ಲಿ ಆರು ತಪ್ಪು, ಹಳೆಯ ಸಂತೋಷ. ಎರಡನೆಯ ಪುಟದ ಕೊನೆಯ ವಾಕ್ಯದಲ್ಲಿ ತಪ್ಪೇ ಇರಲಿಲ್ಲ. ಶಿಷ್ಯೆ ಒಂದು ದಿನವೂ ತಪ್ಪಿಸದೆ ವ್ಯಾಯಾಮ ಮಾಡಿದರೂ ಪ್ರಗತಿ ಕಾಣದಿರುವುದರಿಂದ ತಾನು ರೂಪಿಸಿದ ಕ್ರಮವೇ ನಿಷ್ಪ್ರಯೋಜಕ ಎಂದು ಬರೆದಿದ್ದ.

“ಇದೇ ಪ್ರೋಗ್ರಾಂ ಕಬಡ್ಡಿ ಹುಡುಗೀರಿಗೂ ಕೊಟ್ಟಿದೀನಿ ಮಿಸ್,” ಎಂದ. “ಸೋಮವಾರದಿಂದ ನಿಲ್ಲಿಸ್ಬಿಡ್ತೀನಿ.”

ನಾನು ಪೆನ್ನಿನ ಮುಚ್ಚಳ ಹಾಕಿದೆ. ನಾನು ಹೇಳಬೇಕಾದ ವಾಕ್ಯವನ್ನು ಹೇಗೆ ಕಟ್ಟಿದರೂ ಮೆತ್ತಗಾಗುವಂತಿರಲಿಲ್ಲ.

“ನಿಲ್ಲಿಸ್ಬೇಡ ಕಣೋ. ಆ ನೋಟ್‌ಬುಕ್ಕಲ್ಲಿರೋದು ನಾನು ಮಾಡಿದ್ದಲ್ಲ. ಮಾಡ್ಬೇಕು ಅಂತಿದ್ದದ್ದು.”

ಅವನು ನೋಟ್‌ಬುಕ್ ತೆರೆದು ಟಿಕ್‌ಗಳ ಮೇಲೆ ಬೆರಳಾಡಿಸಿದ. ಪಕ್ಕದಲ್ಲಿ ಕಬ್ಬಿಣ ಎತ್ತುತ್ತಿದ್ದವರೂ ಕೆಳಗಿಟ್ಟರು.

“ಅಂದ್ರೆ, ಹೋಂವರ್ಕ್ ಮಾಡಿಲ್ಲ.”

“ಮಾಡಿಲ್ಲ.”

“ಟಿಕ್ ಮಾತ್ರ ಹಾಕಿದೀರ.”

“ಹೂಂ.”

“ಮಿಸ್, ನಾನು ಮಾಡ್ದೇ ಇದ್ದಾಗ ಮಾಡಿಲ್ಲ ಅಂತಾನಾದ್ರೂ ಹೇಳ್ತಿದ್ದೆ.”

ಅದು ನಿಜ. ಅದಕ್ಕೇ ಅವನಿಗೆ ಅಷ್ಟು ಬಸ್ಕಿ ಬಿದ್ದದ್ದು; ಸುಳ್ಳು ಹೇಳುತ್ತಿದ್ದವರು ಮುಂದಿನ ಬೆಂಚಿನಲ್ಲಿ ನೆಮ್ಮದಿಯಾಗಿದ್ದರು.

ಆಮೇಲೆ ಅವನು ನಗಲು ಶುರುಮಾಡಿದ. ನಗು ನಿಂತ ಮೇಲೆ ಅಲ್ಲೇ ಬೆಂಚಿನ ಮೇಲೆ ಕುಳಿತು ಎರಡನೆಯ ಪುಟವನ್ನು ಹೊಸದಾಗಿ ಬರೆದ. ಫಲ ಏಕೆ ಕಾಣಲಿಲ್ಲವೆಂಬುದನ್ನು ಬರೆದು, ನಾಲ್ಕನೆಯ ವಾರವೇ ಅನುಮಾನ ಬಂದಿದ್ದರೂ ಶಿಷ್ಯೆ ತನ್ನ ಟೀಚರಾದ ಕಾರಣ ಕೇಳಲು ಹೆದರಿದ್ದು ತನ್ನ ತಪ್ಪು ಎಂದೂ ಸೇರಿಸಿದ. ಆ ಪುಟದಲ್ಲಿ ನಾಲ್ಕು ತಪ್ಪುಗಳಿದ್ದವು. ತಿದ್ದಿಕೊಟ್ಟೆ.

ವರದಿ ಸೋಮವಾರ ಬೆಳಿಗ್ಗೆಯೇ ಹೋಯಿತು. ಪ್ರಮಾಣಪತ್ರ ನವೀಕರಣವಾದ ಸುದ್ದಿ ಬಂದ ದಿನ ನಾನು ಮೈಸೂರುಪಾಕು ಒಯ್ದೆ. ಅವನು ಡಬ್ಬಿಯನ್ನು ಪಕ್ಕಕ್ಕಿಟ್ಟು, ಕುರ್ಚಿಯನ್ನು ನನ್ನ ಮುಂದೆ ಎಳೆದು, ಗಡಿಯಾರ ಹಿಡಿದ. ಮೂರು ವಾರ ನಿಜವಾಗಿ ಮಾಡಿದ ಕಾಲುಗಳು ಹತ್ತು ಸಲ ಎದ್ದವು. ಹನ್ನೊಂದನೆಯದು ಅರ್ಧಕ್ಕೇ ನಿಂತಿತು.

“ಎಷ್ಟು ಬರೀಲಿ ಮಿಸ್?” ಎಂದ. ಅವನ ಕೈಯಲ್ಲಿದ್ದ ಪೆನ್ನು ನನ್ನದೇ, ಕೆಂಪು ಶಾಯಿಯದು.

ನಾನು ಏದುಸಿರು ಬಿಡುತ್ತಲೇ ಹತ್ತು ಎಂದೆ.