ಮೀನುಗಳಿಗೆ ಪಥ್ಯ

ಆಸ್ಪತ್ರೆಯ ಅಡುಗೆಮನೆಯಲ್ಲಿ ಮೂವತ್ತೊಂದು ವರ್ಷ ದುಡಿದು ನಿವೃತ್ತಳಾದ ಮೇಲೆ ಅಕ್ಕ ನಾಲ್ಕನೆಯ ಮಹಡಿಯಲ್ಲಿದ್ದ ತಮ್ಮನ ಮನೆಗೆ ಬಂದು ಸೇರಿದಳು. ಅವಳದು ಪಥ್ಯದ ಅಡುಗೆ. ಯಾವ ವಾರ್ಡಿನ ಯಾವ ಮಂಚಕ್ಕೆ ಉಪ್ಪಿಲ್ಲದ ಗಂಜಿ, ಯಾರಿಗೆ ಸಕ್ಕರೆ ಹಾಕದ ಹಾಲು, ಯಾರಿಗೆ ಬೆಂದ ತರಕಾರಿ ಎಷ್ಟು ಗ್ರಾಂ ಎಂಬುದೆಲ್ಲ ಅವಳಿಗೆ ಬಾಯಿಪಾಠವಾಗಿತ್ತು. ಮದುವೆ ಯಾಕೆ ಆಗಲಿಲ್ಲ ಎಂದು ಕೇಳಿದವರಿಗೆ, "ಇನ್ನೂರು ಜನಕ್ಕೆ ಬೇಯಿಸಿ ಹಾಕಿ, ಮನೆಗೆ ಬಂದು ಇನ್ನೊಬ್ಬನಿಗೂ ಬೇಯಿಸಬೇಕಾ?" ಎನ್ನುತ್ತಿದ್ದಳು. ತಾಯಿ ಬೇಗ ತೀರಿಕೊಂಡಿದ್ದರಿಂದ ತಮ್ಮನನ್ನು ಎತ್ತಿ ಆಡಿಸಿ ಓದಿಸಿದವಳೂ ಅವಳೇ.

ತಮ್ಮ ಲಿಫ್ಟ್ ಮೆಕ್ಯಾನಿಕ್. ಅವನ ಹೆಂಡತಿ ಪೋಸ್ಟ್ ಆಫೀಸಿನ ಕೌಂಟರಿನಲ್ಲಿ ಕೂರುವವಳು. ಬೆಳಿಗ್ಗೆ ಎಂಟೂವರೆಗೆ ಇಬ್ಬರೂ ಹೊರಟರೆ ಮನೆಗೆ ಬರುವುದು ಸಂಜೆ ಆರಕ್ಕೆ. ಅಕ್ಕ ಬಂದ ದಿನವೇ ತಮ್ಮ ಕಟ್ಟಪ್ಪಣೆ ಮಾಡಿದ್ದ: "ಇನ್ಮೇಲೆ ನೀನು ಒಂದು ಕಡ್ಡಿ ಎತ್ತಿ ಆ ಕಡೆ ಇಡಬಾರದು. ದುಡಿದಿದ್ದು ಸಾಕು." ಅವನ ಹೆಂಡತಿಯೂ ಮಧ್ಯಾಹ್ನದ ಊಟ ಮಾಡಿಟ್ಟು, ಪಾತ್ರೆಗಳಿಗೆ ತಟ್ಟೆ ಮುಚ್ಚಿ ಹೋಗುತ್ತಿದ್ದಳು. ಅಕ್ಕ ಬಡಿಸಿಕೊಂಡು ಉಂಡರಾಯಿತು. ಉಂಡ ತಟ್ಟೆ ತೊಳೆಯುವುದಕ್ಕೆ ನಾಲ್ಕು ನಿಮಿಷ. ಉಳಿದ ಹೊತ್ತು ಕೈ ಕಟ್ಟಿ ಕೂರಬೇಕು.

ನಡುಮನೆಯಲ್ಲಿ, ಚಪ್ಪಲಿ ಇಡುವ ಬೀರುವಿನ ಮೇಲೆ, ಎರಡಡಿ ಉದ್ದದ ಗಾಜಿನ ತೊಟ್ಟಿ ಇತ್ತು. ತಮ್ಮನ ಶೋಕಿ ಅದೊಂದೇ. ತಳಕ್ಕೆ ಕಪ್ಪು ಮರಳು, ನಡುವೆ ಒಂದು ಮರದ ಬೇರು, ಸುತ್ತ ನೀರಿನಲ್ಲೇ ಬೆಳೆಯುವ ಸಣ್ಣ ಎಲೆಯ ಗಿಡಗಳು, ಉಗುರಿನಷ್ಟು ಹದಿನಾಲ್ಕು ಮೀನು. ದಿನಕ್ಕೊಮ್ಮೆ, ಕೆಲಸಕ್ಕೆ ಹೋಗುವ ಮುಂಚೆ, ಅವನು ಒಂದು ಚಿಟಿಕೆ ಆಹಾರ ಉದುರಿಸುತ್ತಿದ್ದ.

ಅಕ್ಕ ಕುರ್ಚಿ ಎಳೆದುಕೊಂಡು ಅದರ ಮುಂದೆ ಕೂರತೊಡಗಿದಳು. ಹನ್ನೊಂದು ಗಂಟೆಗೆ ಮೀನುಗಳೆಲ್ಲ ಅವಳ ಮುಖದ ಎದುರಿಗೆ ಬಂದು ಬಾಯಿ ಕಳೆಯುತ್ತಿದ್ದವು. ಆಸ್ಪತ್ರೆಯಲ್ಲಿ ಆ ಹೊತ್ತಿಗೆ ಊಟದ ಗಾಡಿ ಹೊರಡುತ್ತಿತ್ತು. ಅವಳು ಒಂದು ಚಿಟಿಕೆ ಹಾಕಿದಳು. ಮೂರು ಗಂಟೆಗೆ ಇನ್ನೊಂದು. ಐದೂವರೆಗೆ, ಇವರು ಬರುವ ಮುಂಚೆ, ಮತ್ತೊಂದು. ಡಬ್ಬಿಯನ್ನು ಇದ್ದ ಜಾಗದಲ್ಲೇ, ಚೀಟಿ ಗೋಡೆಯ ಕಡೆ ತಿರುಗಿಸಿ ಇಡುತ್ತಿದ್ದಳು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ನಡೆಯಿತು ಅದು.

ತಿಂಗಳು ತುಂಬುವುದರೊಳಗೆ ಗಾಜಿನ ಮೇಲೆ ಹಸಿರು ಧೂಳಿನಂಥ ಪಾಚಿ ಕಾಣಿಸಿಕೊಂಡಿತು. ಆಮೇಲೆ ಎಲೆಗಳ ಅಂಚಿಗೆ ಕೂದಲಿನಂಥ ಎಳೆಗಳು ಜೋತುಬಿದ್ದವು. ತಮ್ಮ ಅದನ್ನು ಕೆಟ್ಟ ಲಿಫ್ಟಿನಂತೆಯೇ ನೋಡಿದ. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಾಯಿಸಬೇಕು, ವಾರ ಕಾದು ನೋಡಬೇಕು. ಇದು ಅವನ ವೃತ್ತಿಯ ಪಾಠ. ದಿನಕ್ಕೆ ಹತ್ತು ಗಂಟೆ ಉರಿಯುತ್ತಿದ್ದ ತೊಟ್ಟಿಯ ದೀಪವನ್ನು ಆರು ಗಂಟೆಗೆ ಇಳಿಸಿದ. ಬಿಸಿಲು ಬೀಳದಂತೆ ಕಿಟಕಿಗೆ ಪರದೆ ಎಳೆದ. ವಾರಕ್ಕೊಮ್ಮೆ ಅರ್ಧ ನೀರು ಚೆಲ್ಲಿ ಹೊಸದು ತುಂಬಿದ. ಹಳೆಯ ಟೂತ್ ಬ್ರಷ್ಷಿಗೆ ಪಾಚಿಯ ಎಳೆಗಳನ್ನು ಸುತ್ತಿ ಸುತ್ತಿ ಎಳೆದ. ಪಾಚಿ ತಿನ್ನಲೆಂದು ಆರು ಬಸವನಹುಳು ತಂದು ಬಿಟ್ಟ. ಪಾಚಿ ಎರಡು ದಿನ ಅಳುಕಿದಂತೆ ಮಾಡಿ ಮತ್ತೆ ಚಿಗುರಿತು.

ಕೊನೆಗೆ ಮೂರು ದಿನ ಬೆಳಕೇ ತಾಗದಂತೆ ತೊಟ್ಟಿಗೆ ಕಪ್ಪು ಕಂಬಳಿ ಹೊದಿಸಿದ. "ಈ ಮೂರು ದಿನ ಊಟವೂ ಇಲ್ಲ, ಬೆಳಕೂ ಇಲ್ಲ. ಮೀನು ತಡ್ಕೊಳ್ತವೆ, ಪಾಚಿ ಸಾಯುತ್ತೆ," ಎಂದ. ಅಕ್ಕ ಒಂದು ದಿನ ತಡೆದಳು. ಎರಡನೆಯ ದಿನ ಕಂಬಳಿಯ ಮೂಲೆ ಎತ್ತಿ, ಎರಡು ಚಿಟಿಕೆ ಹಾಕಿದಳು.

ತಮ್ಮ ಶೀಸೆಯಲ್ಲಿ ಒಯ್ದ ತೊಟ್ಟಿಯ ನೀರನ್ನು ಸಾಕುಮೀನಿನ ಅಂಗಡಿಯವನು ಪರೀಕ್ಷಿಸಿ, "ಊಟ ಜಾಸ್ತಿ ಆಗ್ತಿದೆ ಸಾರ್. ತಿಂದು ಉಳಿದದ್ದು ಕೊಳೆತು ಪಾಚಿಗೆ ಗೊಬ್ಬರ ಆಗುತ್ತೆ," ಎಂದನಂತೆ. ತಮ್ಮ ಬಂದು ಅದನ್ನು ಹೇಳಿ ನಕ್ಕುಬಿಟ್ಟ. "ಒಂದೇ ಒಂದು ಚಿಟಿಕೆ ಹಾಕ್ತೀನಿ. ಅದು ಜಾಸ್ತಿನಾ?"

"ನಾನಂತೂ ಡಬ್ಬಿ ಮುಟ್ಟಲ್ಲಪ್ಪ," ಎಂದಳು ಅವನ ಹೆಂಡತಿ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ಅಕ್ಕ ಸೆರಗು ಸರಿಮಾಡಿಕೊಂಡಳು. ಆದರೆ ಇಬ್ಬರೂ ಅವಳ ಕಡೆ ತಿರುಗಲೇ ಇಲ್ಲ. ಕದ್ದುಮುಚ್ಚಿ ಮಾಡುವಂಥ ಕೆಲಸವೂ ಇವಳಿಗಿಲ್ಲ ಎಂದುಕೊಂಡಿದ್ದಾರೆ ಎಂದು ಅವಳಿಗೆ ಅನ್ನಿಸಿತು. ತಪ್ಪಿಗಿಂತ ಅದೇ ಹೆಚ್ಚು ಚುಚ್ಚಿತು.

ಮರುವಾರ ಒಂದು ಮೀನು ಹೊಟ್ಟೆ ಉಬ್ಬಿ ಮೇಲೆ ತೇಲಿತು. ಆ ಸಂಜೆ ತಮ್ಮ ಎರಡೂ ಬೂಟು ಬಿಚ್ಚುವ ಮುಂಚೆಯೇ ಅಕ್ಕ ಹೇಳಿದಳು: "ನಾನೇ ಕಣೋ. ದಿನಕ್ಕೆ ಮೂರು ಸಲ ಹಾಕ್ತಿದ್ದೆ."

ಅವನು ಒಂದು ಬೂಟು ಕೈಯಲ್ಲಿ ಹಿಡಿದೇ ನಿಂತ. "ಎರಡು ತಿಂಗಳಿಂದ ನನ್ನ ಕೋತಿ ಥರ ಕುಣಿಸಿದೆಯಲ್ಲ! ಯಾಕೆ?"

"ಇಡೀ ದಿನ ಏನು ಮಾಡ್ಲಿ?"

"ಆರಾಮಾಗಿರು ಅಂದೆ ತಾನೆ?"

"ಅದನ್ನ ನನಗೆ ಯಾರೂ ಕಲಿಸಿಲ್ವಲ್ಲೋ."

ತಮ್ಮ ಕೂತು ಇನ್ನೊಂದು ಬೂಟು ಬಿಚ್ಚತೊಡಗಿದ. ಅವನ ಹೆಂಡತಿ ಕೌಂಟರಿನಲ್ಲಿ ಅರ್ಜಿ ಕೇಳುವ ದನಿಯಲ್ಲೇ ಕೇಳಿದಳು: "ಅಕ್ಕ, ಆಸ್ಪತ್ರೇಲಿ ಸಕ್ಕರೆ ಕಾಯಿಲೆಯವರು ಹಸಿವು ಅಂತ ಅತ್ತರೆ ಏನು ಮಾಡ್ತಿದ್ರಿ?"

"ಅಳಲಿ ಬಿಡು ಅಂತಿದ್ದೆ. ಚಾರ್ಟ್ ಮೀರಿ ಒಂದು ತುತ್ತೂ ಕೊಡ್ತಿರಲಿಲ್ಲ."

"ಹಾಗಾದ್ರೆ ಇವಕ್ಕೂ ಒಂದು ಚಾರ್ಟ್ ಬರೀರಿ. ತೊಟ್ಟಿ ಇನ್ನು ನಿಮ್ಮದು. ಮಧ್ಯಾಹ್ನದ ಅಡುಗೇನೂ ನಿಮ್ಮದೇ. ಬೆಳಿಗ್ಗೆ ಎದ್ದು ಮಾಡಿಟ್ಟು ನನಗೂ ಸಾಕಾಗಿದೆ."

ತಮ್ಮ ಏನೋ ಅನ್ನಲು ಹೋದ. ಅಕ್ಕನೇ, "ಸುಮ್ನಿರೋ, ಅವಳು ಸರಿಯಾಗಿ ಹೇಳ್ತಿದ್ದಾಳೆ," ಎಂದು ಗದರಿದಳು.

ಮರುದಿನ ಗೋಡೆಗೆ ಚಾರ್ಟ್ ಬಿತ್ತು. ದಿನಕ್ಕೊಂದು ಚಿಟಿಕೆ, ಎರಡು ನಿಮಿಷದಲ್ಲಿ ತಿಂದು ಮುಗಿಯುವಷ್ಟು. ಭಾನುವಾರ ಉಪವಾಸ. ಹಳದಿಯಾದ ಎಲೆಯನ್ನು ಅವತ್ತೇ ಕತ್ತರಿಸಿ ತೆಗೆಯುವುದು. ಬುಧವಾರ ಅರ್ಧ ನೀರು. ಅವಳೇ ಅಂಗಡಿಗೆ ಹೋಗಿ ಬೇಗ ಬೆಳೆಯುವ ಗಿಡ ಒಂದು ಕಟ್ಟು ತಂದು ನೆಟ್ಟಳು; ಪಾಚಿಗೆ ಹೋಗುವ ಸಾರವನ್ನು ಗಿಡವೇ ಉಣ್ಣಲಿ ಎಂದು. ತಮ್ಮ ಒಂದು ಸಂಜೆ ಪ್ರೀತಿ ಉಕ್ಕಿ ಚಿಟಿಕೆ ಹಾಕಲು ಹೋದಾಗ ಕೈ ಮೇಲೆ ಏಟು ತಿಂದ. ಮೀನುಗಳು ಹನ್ನೊಂದಕ್ಕೆ ಬಂದು ಬಾಯಿ ಕಳೆಯುತ್ತಲೇ ಇದ್ದವು. ಅಕ್ಕ ಆ ಹೊತ್ತಿಗೆ ಒಲೆಯ ಮುಂದಿರುತ್ತಿದ್ದಳು.

ಏಳೆಂಟು ವಾರಕ್ಕೆ ಗಾಜು ತಿಳಿಯಾಯಿತು. ಪೂರ್ತಿ ಹೋಯಿತು ಎನ್ನುವಂತಿಲ್ಲ. ಹಿಂದಿನ ಗಾಜಿನ ತೆಳು ಪಾಚಿಯನ್ನು ಅವಳು ಉಜ್ಜಲಿಲ್ಲ, ಬಸವನಹುಳುಗಳೂ ಬದುಕಬೇಕಲ್ಲ ಎಂದು.

ಅಂಗಡಿಯವನು ಈ ಚಾರ್ಟಿನ ಸುದ್ದಿ ಕೇಳಿ, ವಾರಕ್ಕೆರಡು ಮಧ್ಯಾಹ್ನ ಬಂದು ಗಿರಾಕಿಗಳಿಗೆ ಬುದ್ಧಿ ಹೇಳುತ್ತೀರಾ ಎಂದು ಕೇಳಿದ. ಅವಳು ಒಪ್ಪಿದಳು. ಬಂದವರೆಲ್ಲ ಒಂದೇ ಸಲ ಊಟ ಹಾಕುವುದೆಂದು ಆಣೆ ಮಾಡುತ್ತಾರೆ. ವಾರ್ಡಿನಲ್ಲಿ ರೋಗಿಗಳೂ ಹೀಗೇ ಸುಳ್ಳು ಹೇಳುತ್ತಿದ್ದರು. ಅಕ್ಕನಿಗೆ ಅದೇನೂ ಹೊಸದಲ್ಲ.

ಮೊನ್ನೆ ಅಂಗಡಿಯಿಂದ ಗಿಡದ ಚೀಲ ಹಿಡಿದು ಬಂದರೆ ಲಿಫ್ಟ್ ಕೆಟ್ಟು ನಿಂತಿತ್ತು. "ಊರಿನ ಲಿಫ್ಟೆಲ್ಲ ರಿಪೇರಿ ಮಾಡ್ತಾನೆ ನಮ್ಮೋನು," ಎಂದು ಎದುರಿಗೆ ಸಿಕ್ಕ ಪಕ್ಕದ ಮನೆಯಾಕೆಗೆ ಹೇಳಿ, ಮೆಟ್ಟಿಲು ತಿರುವಿಗೊಮ್ಮೆ ನಿಂತು ಉಸಿರು ತೆಗೆದುಕೊಳ್ಳುತ್ತ, ನಾಲ್ಕು ಮಹಡಿ ಹತ್ತಿದಳು.